ಹಾಯಿದೋಣಿಯ ಆಟೊಪೈಲಟ್: ರಿಪೇರಿ ಮಾಡಿಸಲಾ, ಹೊಸದು ಹಾಕಿಸಲಾ?

ಪ್ರಶ್ನೆ: ಸರ್, ನಮ್ಮ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ದೋಣಿ ಅಲಮೀಡಾದಲ್ಲಿ. 1993ರ ಕ್ಯಾಟಲೀನಾ 36, ಸುಮಾರು 36 ಅಡಿಯ ಹಾಯಿದೋಣಿ. ಹಳೆಯ ಮಾಲೀಕರು ಹಾಕಿಸಿದ ಆಟೊಹೆಲ್ಮ್ ಆಟೊಪೈಲಟ್, ಅಂದರೆ ಹೇಳಿದ ದಿಕ್ಕಿಗೆ ದೋಣಿಯನ್ನು ತಾನೇ ನಡೆಸುವ ಯಂತ್ರ, ಅದರಲ್ಲಿದೆ. ಚುಕ್ಕಾಣಿ ತಿರುಗಿಸುವ ಅದರ ಡ್ರೈವ್ ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ಜಾಗ) ಕೆಳಗೆ ಕೂತಿದೆ, ಮೇಲೆ ಟೈಪ್ 1 ಅಂತ ಬರೆದಿದೆ. ಸ್ಯಾನ್ ಫ್ರಾನ್ಸಿಸ್ಕೊ ಬೇ ಒಳಗೆ ಓಡಾಡುವಾಗ ತೊಂದರೆ ಕೊಟ್ಟಿದ್ದು ಕಡಿಮೆ. ಹೋದ ಬೇಸಿಗೆಯಲ್ಲಿ ಹಾಫ್ ಮೂನ್ ಬೇಗೆ ಹೊರಟಾಗ ಅದರ ಆಟ ಶುರುವಾಯಿತು. ಹಿಂದಿನಿಂದ ಅಲೆ ಬಂದಾಗಲೆಲ್ಲ ದೋಣಿ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಡಿಗ್ರಿ ತೂರಾಡಿತು. ಎರಡು ಸಲ ಬೀಪ್ ಮಾಡಿ, ದೋಣಿ ನಡೆಸುವುದನ್ನು ಬಿಟ್ಟು ತಾನಾಗಿಯೇ ಸ್ಟ್ಯಾಂಡ್‌ಬೈಗೆ ಹೋಯಿತು. ಒಮ್ಮೆ ಪರದೆಯ ಮೇಲೆ ‘ಲೋ ಬ್ಯಾಟ್’ ಅಂತ ಬಂತು. ಬ್ಯಾಟರಿ ಮೀಟರ್ ನೋಡಿದರೆ 12.5 ವೋಲ್ಟ್! ಕೊನೆಗೆ ನಾನೂ ನನ್ನ ಹೆಂಡತಿಯೂ ಸರದಿ ಮೇಲೆ ಚುಕ್ಕಾಣಿಯ ಚಕ್ರ ಹಿಡಿದು ದಡ ಸೇರಿದೆವು.

ಈ ಅಕ್ಟೋಬರ್ ಕೊನೆಗೆ ಸ್ಯಾನ್ ಡಿಯೇಗೊದಿಂದ ಮೆಕ್ಸಿಕೊದ ಕಾಬೊ ಸ್ಯಾನ್ ಲೂಕಸ್‌ವರೆಗೆ ಹೋಗುವ ಯೋಚನೆ ಇದೆ. ನಾವಿಬ್ಬರೇ. ಒಬ್ಬ ಇನ್‌ಸ್ಟಾಲರ್ ಬಂದು ನೋಡಿ, ‘ಮೂವತ್ತು ವರ್ಷದ ಸಾಮಾನು, ಕಿತ್ತು ಬಿಸಾಕಿ’ ಅಂದು 9,000 ಡಾಲರ್ ಕೊಟೇಶನ್ ಕೊಟ್ಟರು. ಪಕ್ಕದ ದೋಣಿಯವರು, ‘ಹಳೆಯದರಷ್ಟು ಗಟ್ಟಿ ಈಗ ಬರಲ್ಲ, ಆನ್‌ಲೈನಲ್ಲಿ 300 ಡಾಲರಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಸಿಗುತ್ತೆ’ ಅನ್ನುತ್ತಾರೆ. ಹೊಸದು ಜಿಪಿಎಸ್ ನೋಡಿಕೊಂಡು ನಡೆಸುತ್ತದಂತೆ, ಹಾಗಾಗಿ ತೂರಾಡುವುದಿಲ್ಲವಂತೆ, ಹೌದಾ? ಮಲ್ಟಿಮೀಟರ್ ಹಿಡಿಯುವಷ್ಟು ನನಗೆ ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದು: ನಡುರಾತ್ರಿ, ದಡದಿಂದ ಬಹಳ ದೂರದಲ್ಲಿ ಇದು ಕೈಕೊಟ್ಟರೆ ಇಬ್ಬರೇ ಏನು ಮಾಡುವುದು ಅನ್ನುವುದು. ಆ ಚಿಂತೆ ಸರಿಯಾದದ್ದೇ. ಸ್ಯಾನ್ ಡಿಯೇಗೊದಿಂದ ಕಾಬೊಗೆ ಸುಮಾರು 750 ನಾಟಿಕಲ್ ಮೈಲು. ಹೆಚ್ಚಿನವರು ಮೊದಲು ತಂಗುವ ಜಾಗ ಬಾಹಿಯಾ ತೋರ್ತುಗಾಸ್, ಅದೇ ಸುಮಾರು 360 ಮೈಲು. ನಿಮ್ಮ ದೋಣಿಯ ವೇಗದಲ್ಲಿ ಅದು ಮೂರು ಹಗಲು, ಮೂರು ರಾತ್ರಿಯ ಲೆಕ್ಕ. ಇಬ್ಬರೇ ಇದ್ದಾಗ ಅಷ್ಟು ಹೊತ್ತು ಕೈಯಲ್ಲೇ ಚಕ್ರ ಹಿಡಿಯಬಹುದು, ಆದರೆ ನಿದ್ದೆಗೆಟ್ಟ ತಲೆ ತಪ್ಪು ನಿರ್ಧಾರ ಮಾಡಲು ಶುರುಮಾಡುತ್ತದೆ. ಆಟೊಪೈಲಟ್ ಇಲ್ಲಿ ಶೋಕಿಯ ಸಾಮಾನಲ್ಲ, ಮೂರನೇ ಆಳು.

ಈಗ ನಿಮಗೆ ಸಲಹೆ ಕೊಟ್ಟ ಇಬ್ಬರ ವಿಷಯ. ಕಿತ್ತು ಬಿಸಾಕಿ ಅಂದವರೂ, ಹಳೆಯದೇ ಗಟ್ಟಿ ಅಂದವರೂ ಅಳತೆ ಮಾಡದೆ ಮಾತಾಡಿದ್ದಾರೆ. ಇನ್‌ಸ್ಟಾಲರ್ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕೆಲಸದಲ್ಲಿ ಹಳೆಯ ಸಾಮಾನನ್ನು ಒಮ್ಮೆ ಮುಟ್ಟಿದರೆ ಮುಗಿಯಿತು, ಆಮೇಲೆ ಅದರಲ್ಲಿ ಏನು ಕೆಟ್ಟರೂ ಮುಟ್ಟಿದವನ ತಲೆಗೇ ಬರುತ್ತದೆ. ಎಲ್ಲ ಹೊಸದು ಹಾಕಿದರೆ ಕಂಪನಿಯ ವಾರಂಟಿ ಇರುತ್ತದೆ, ರಾತ್ರಿ ನೆಮ್ಮದಿಯಾಗಿ ಮಲಗಬಹುದು. ಅದು ಅವರ ದೃಷ್ಟಿಯಿಂದ ಸರಿ. ನಿಮ್ಮ ದೃಷ್ಟಿಯಿಂದಲೂ ಸರಿಯಾ ಅನ್ನುವುದು ಬೇರೆ ಪ್ರಶ್ನೆ.

ಆಟೊಪೈಲಟ್ ಒಂದು ಸಾಮಾನಲ್ಲ. ಕಾಕ್‌ಪಿಟ್‌ನಲ್ಲಿ ಗುಂಡಿ ಒತ್ತುವ ಕಂಟ್ರೋಲ್ ಹೆಡ್. ಒಳಗೆಲ್ಲೋ ಗೋಡೆಗೆ ಹೊಡೆದಿರುವ ಕೋರ್ಸ್ ಕಂಪ್ಯೂಟರ್. ದಿಕ್ಕು ತಿಳಿಸುವ ಫ್ಲಕ್ಸ್‌ಗೇಟ್ ಕಂಪಾಸ್. ಚುಕ್ಕಾಣಿ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್. ಕೊನೆಗೆ ಚುಕ್ಕಾಣಿಯನ್ನು ತಳ್ಳಿ ಎಳೆಯುವ ಲೀನಿಯರ್ ಡ್ರೈವ್. ಇವನ್ನೆಲ್ಲ ಕೂಡಿಸುವ ತಂತಿ ಬೇರೆ. ಇವೆಲ್ಲ ಒಂದೇ ದಿನ ಹುಟ್ಟಿರಬಹುದು, ಒಂದೇ ದಿನ ಸಾಯುವುದಿಲ್ಲ. ಹಾಗಾಗಿ ‘ರಿಪೇರಿಯೋ ಹೊಸದೋ’ ಅನ್ನುವ ಪ್ರಶ್ನೆಯನ್ನು ಒಂದೊಂದು ಭಾಗಕ್ಕೂ ಬೇರೆಯಾಗಿ ಕೇಳಬೇಕು.

ಮೊದಲು ಆ ‘ಲೋ ಬ್ಯಾಟ್’ ನೋಡೋಣ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದು.

ಬ್ಯಾಟರಿ 12.5 ತೋರಿಸುತ್ತಿದೆ, ಹಾಗಾಗಿ ಕರೆಂಟಿನ ತೊಂದರೆ ಇಲ್ಲ, ಕಂಪ್ಯೂಟರೇ ಸುಳ್ಳು ಹೇಳುತ್ತಿದೆ ಅಂತ ಬಹಳ ಜನ ತಿಳಿಯುತ್ತಾರೆ. ಕಂಪ್ಯೂಟರ್ ನೋಡುವುದು ಬ್ಯಾಟರಿಯ ವೋಲ್ಟ್ ಅಲ್ಲ, ತನ್ನ ಟರ್ಮಿನಲ್‌ಗೆ ಬಂದು ತಲುಪಿದ ವೋಲ್ಟ್. ಮಹಡಿ ಮೇಲಿನ ಟ್ಯಾಂಕ್ ತುಂಬಿದ್ದರೂ ಪಾಚಿ ಕಟ್ಟಿದ ಪೈಪಿನ ತುದಿಯ ನಲ್ಲಿ ಸಣ್ಣಗೆ ಸುರಿಯುತ್ತದೆ, ಅಲ್ವಾ? ಹಾಗೇ ಇದು. ನಲ್ಲಿ ಪೂರ್ತಿ ತಿರುಗಿಸಿದಾಗಲೇ ಅದು ಗೊತ್ತಾಗುವುದು. ಬೇ ಒಳಗೆ ಡ್ರೈವ್ ಮೇಲೆ ಹೊರೆ ಕಡಿಮೆ, ಒಂದೆರಡು ಆಂಪ್ ಸಾಕು, ಎಲ್ಲ ಚೆನ್ನಾಗಿ ಕಾಣುತ್ತದೆ. ಹಿಂದಿನ ಅಲೆ ದೋಣಿಯ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳಿದಾಗ ಮೋಟರ್ ಒಮ್ಮೆಗೇ ಹತ್ತು ಹನ್ನೆರಡು ಆಂಪ್ ಕೇಳುತ್ತದೆ. ಆಗ ವೋಲ್ಟ್ ಕುಸಿಯುತ್ತದೆ.

ಲೆಕ್ಕ ಹಾಕಿ ನೋಡಿ. ಬ್ಯಾಟರಿಯಿಂದ ಹಿಂದಿನ ಲಾಕರ್‌ಗೆ 6 ಮೀಟರ್ ಅಂದುಕೊಳ್ಳಿ. ಹೋಗಿ ಬರಲು 12 ಮೀಟರ್ ತಂತಿ. ಅದು 14 ಗೇಜ್ ತಂತಿಯಾಗಿದ್ದರೆ (ಗೇಜ್ ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ) ಅದರ ರೆಸಿಸ್ಟೆನ್ಸ್ ಸುಮಾರು 0.1 ಓಮ್. 12 ಆಂಪ್ ಹರಿದಾಗ 1.2 ವೋಲ್ಟ್ ತಂತಿಯಲ್ಲೇ ಹೋಯಿತು. ಇದು ತಂತಿ ಹೊಸದಿದ್ದರೆ. ಮೂವತ್ತು ವರ್ಷದ ಕನೆಕ್ಟರ್, ಫ್ಯೂಸ್ ಹೋಲ್ಡರ್, ಸ್ವಿಚ್ ಪ್ಯಾನೆಲ್ಲು ಒಂದೊಂದೂ ತನ್ನ ಪಾಲು ಕೇಳುತ್ತದೆ. 12.5 ಇದ್ದದ್ದು ಕಂಪ್ಯೂಟರ್ ಹತ್ತಿರ 10.5 ಆದರೆ ಆಶ್ಚರ್ಯ ಇಲ್ಲ. ಡ್ರೈವ್ ಒಳಗಿನ ಕ್ಲಚ್ಚೂ ವಿದ್ಯುತ್ಕಾಂತದ ಬಲದಲ್ಲೇ ಹಿಡಿದು ನಿಲ್ಲುವುದು. ವೋಲ್ಟ್ ಬಿದ್ದರೆ ಅದೂ ಜಾರಲು ಶುರುಮಾಡುತ್ತದೆ. ಆಗ ಮೋಟರ್ ತಿರುಗುವ ಸದ್ದು ಕೇಳುತ್ತದೆ, ಚುಕ್ಕಾಣಿ ಮಾತ್ರ ಅಲುಗುವುದಿಲ್ಲ.

ಪರೀಕ್ಷೆಯನ್ನು ದೋಣಿ ಕಟ್ಟಿದ್ದಾಗಲೇ ಮಾಡಬಹುದು. ಮಲ್ಟಿಮೀಟರಿನ ಮೊನೆಗಳನ್ನು ಕೋರ್ಸ್ ಕಂಪ್ಯೂಟರಿನ ಪವರ್ ಟರ್ಮಿನಲ್‌ಗಳ ಮೇಲಿಡಿ. ನಿಮ್ಮವರು ಕಾಕ್‌ಪಿಟ್‌ನಲ್ಲಿ ಆಟೊ ಒತ್ತಿ, ಹತ್ತು ಡಿಗ್ರಿಯ ಗುಂಡಿಯನ್ನು ಮೇಲಿಂದ ಮೇಲೆ ಒತ್ತಲಿ. ಚುಕ್ಕಾಣಿ ಆ ಕಡೆ ಈ ಕಡೆ ಓಡುತ್ತದೆ. ಆಗ ಅವರು ಚಕ್ರವನ್ನು ಸ್ವಲ್ಪ ತಡೆದು ಹಿಡಿಯಲಿ. ಮೀಟರ್ ಎಷ್ಟಕ್ಕೆ ಇಳಿಯುತ್ತದೆ ಬರೆದುಕೊಳ್ಳಿ. ಅದೇ ಹೊತ್ತಲ್ಲಿ ಬ್ಯಾಟರಿ ಟರ್ಮಿನಲ್ ಮೇಲೆ ಎಷ್ಟಿದೆ ಅಂತಲೂ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಅನುಮಾನ, ಒಂದು ವೋಲ್ಟ್ ದಾಟಿದರೆ ಕಳ್ಳ ಸಿಕ್ಕ ಹಾಗೆ. ಡ್ರೈವ್ ಅಲುಗುವಾಗ ಕೈಬೆರಳು ಅದರ ಹತ್ತಿರ ಇರಬಾರದು. ಟೈಪ್ 1 ಡ್ರೈವ್ ಜೋರಾಗಿ ತಳ್ಳಿದಾಗ ಹತ್ತಿರ ಹತ್ತಿರ 300 ಕಿಲೋ ಬಲ, ಅದು ಬೆರಳು ಯಾವುದು, ಮರ ಯಾವುದು ಅಂತ ನೋಡುವುದಿಲ್ಲ.

ವ್ಯತ್ಯಾಸ ಸಿಕ್ಕಿದರೆ ಒಂದೊಂದೇ ಜೋಡಣೆ ಹಿಡಿದು ಹಿಂದಕ್ಕೆ ಬನ್ನಿ. ನೆಗೆಟಿವ್ ಕಡೆಯದನ್ನು ಮರೆಯಬೇಡಿ, ಎಲ್ಲರೂ ಪಾಸಿಟಿವ್ ಮಾತ್ರ ನೋಡಿ ಕೈ ತೊಳೆಯುತ್ತಾರೆ. ತಂತಿಯ ತುದಿ ಸ್ವಲ್ಪ ಸುಲಿದು ನೋಡಿ. ತಾಮ್ರ ಕಪ್ಪಾಗಿದ್ದರೆ, ಹಸಿರು ಕಿಲುಬು ಕಟ್ಟಿದ್ದರೆ, ಆ ತಂತಿಯ ಆಯಸ್ಸು ಮುಗಿದಿದೆ. ಮಂಗಳೂರು ಬಂದರಿನ ಟ್ರಾಲರ್‌ಗಳಲ್ಲಿ ಕೆಲಸ ಕಲಿತವನಿಗೆ ಉಪ್ಪುಗಾಳಿ ತಂತಿಗೆ ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೂ ಇಲ್ಲೂ ಅದೇ ಕಥೆ. ಹೊಸದಾಗಿ ಎಳೆಯುವುದಾದರೆ ತವರ ಲೇಪಿಸಿದ ಮರೀನ್ ತಂತಿಯೇ ಬೇಕು. ಫ್ರಿಜ್ಜು, ದೀಪದ ಜೊತೆ ಸೇರಿಸದೆ ಇದಕ್ಕೇ ಬೇರೆ ಬ್ರೇಕರ್ ಕೊಡಿ. ಅಮೆರಿಕದ ದೋಣಿಗಳ ಮಾನದಂಡ ಬರೆಯುವ ಎಬಿವೈಸಿ, ಮುಖ್ಯ ಸರ್ಕ್ಯೂಟ್‌ಗಳಲ್ಲಿ ವೋಲ್ಟ್ ನಷ್ಟ ನೂರಕ್ಕೆ 3ನ್ನು ಮೀರಬಾರದು ಅನ್ನುತ್ತದೆ. 12 ವೋಲ್ಟಿಗೆ ಅದು 0.36. ನಾನು ಮೇಲೆ ಹೇಳಿದ ದೂರಕ್ಕೆ 10 ಗೇಜ್ ತಂತಿಯೂ ಸಾಲದು, 8 ಗೇಜ್ ಬೇಕು. ದಪ್ಪ ತಂತಿ ಎಳೆಯುವುದು ಬೇಜಾರಿನ ಕೆಲಸ, ಒಂದು ವಾರಾಂತ್ಯ ಹೋಗುತ್ತದೆ. ಆದರೆ ನೀವು ಹಳೆಯದನ್ನೇ ಉಳಿಸಿಕೊಂಡರೂ, 9,000 ಡಾಲರಿನ ಹೊಸದನ್ನೇ ಹಾಕಿಸಿದರೂ ಈ ಕೆಲಸ ತಪ್ಪುವುದಿಲ್ಲ. ಹಳೆಯ ತಂತಿಗೆ ಹೊಸ ಕಂಪ್ಯೂಟರ್ ಕಟ್ಟಿ, ಮೊದಲ ದೊಡ್ಡ ಅಲೆಗೇ ಅದು ಆಫ್ ಆದದ್ದನ್ನು ನಾನು ಎಷ್ಟೋ ದೋಣಿಗಳಲ್ಲಿ ನೋಡಿದ್ದೇನೆ.

ತೂರಾಟದ ವಿಷಯ ಬೇರೆ. ಅದಕ್ಕೆ ಒಂದೇ ಕಾರಣ ಇರುವುದಿಲ್ಲ.

ಮೊದಲ ಅನುಮಾನ ಸಡಿಲದ ಮೇಲೆ. ಡ್ರೈವಿನ ತುದಿ ಚುಕ್ಕಾಣಿಯ ತೋಳಿಗೆ ಸೇರುವ ಬೋಲ್ಟು, ಡ್ರೈವನ್ನು ದೋಣಿಗೆ ಹಿಡಿದಿಟ್ಟ ಬ್ರಾಕೆಟ್ಟು, ಸ್ಟೀರಿಂಗ್ ಕೇಬಲ್ಲು ಎಲ್ಲ ನೋಡಿ. ಟೈಪ್ 1ರಲ್ಲಿ ತೋಳಿನ ಉದ್ದ ಸಾಮಾನ್ಯವಾಗಿ 250 ಮಿಲಿಮೀಟರ್. ಅಲ್ಲಿ 5 ಮಿಲಿಮೀಟರ್ ಸಡಿಲ ಇದ್ದರೆ ಚುಕ್ಕಾಣಿ ಒಂದು ಡಿಗ್ರಿಗಿಂತ ಜಾಸ್ತಿ ಸುಮ್ನೆ ಅಲುಗಾಡುತ್ತದೆ. ಕಂಪ್ಯೂಟರ್ ತಳ್ಳಿದೆ ಅಂದುಕೊಳ್ಳುತ್ತದೆ, ಚುಕ್ಕಾಣಿ ತಿರುಗಿರುವುದಿಲ್ಲ. ಆಮೇಲೆ ಒಮ್ಮೆಗೇ ತಿರುಗುತ್ತದೆ. ಡ್ರೈವ್ ಓಡುವಾಗ ಬ್ರಾಕೆಟ್ ಬುಡದ ಫೈಬರ್‌ಗ್ಲಾಸ್ ಬಾಗುತ್ತಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಆಮೇಲೆ ಡ್ರೈವನ್ನು ತೋಳಿನಿಂದ ಕಳಚಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಒಂದು ಕೈಯಲ್ಲಿ ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಚುಕ್ಕಾಣಿಯ ಬೇರಿಂಗ್ ನೋಡಬೇಕು. ನಿಮಗೇ ಕಷ್ಟವಾದದ್ದು ಮೋಟರಿಗೆ ಸುಲಭ ಆಗುವುದಿಲ್ಲ.

ಚುಕ್ಕಾಣಿಯ ಸೆನ್ಸರ್ ಒಳಗೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಲ್ಲಿರುವಂಥದ್ದೇ ಪೊಟೆನ್ಷಿಯೊಮೀಟರ್ ಇರುತ್ತದೆ. ಚುಕ್ಕಾಣಿ ಹೆಚ್ಚು ಹೊತ್ತು ನಡುವಿನಲ್ಲೇ ಇರುವುದರಿಂದ ಅದು ನಡುವಿನಲ್ಲೇ ಸವೆಯುತ್ತದೆ. ಓಮ್ ಅಳತೆಗೆ ಇಟ್ಟು ನಿಧಾನವಾಗಿ ತಿರುಗಿಸಿದಾಗ ಮೀಟರ್ ನಡುವೆ ಜಿಗಿದರೆ ಅದನ್ನು ಬದಲಾಯಿಸಿ.

ಇನ್ನು ಫ್ಲಕ್ಸ್‌ಗೇಟ್ ಕಂಪಾಸ್. ಇದನ್ನು ಸಾಮಾನ್ಯವಾಗಿ ಯಾವುದೋ ಬಟ್ಟೆಯ ಲಾಕರಿನ ಗೋಡೆಗೆ ಹೊಡೆದು ಎಲ್ಲರೂ ಮರೆತಿರುತ್ತಾರೆ. ಆಮೇಲೆ ಬಂದ ಮಾಲೀಕರು ಅದೇ ಲಾಕರಿನಲ್ಲಿ ಟೂಲ್ ಬಾಕ್ಸ್ ಇಡುತ್ತಾರೆ, ಡಬ್ಬಿ ಸಾಮಾನು ತುಂಬುತ್ತಾರೆ, ಗೋಡೆಯ ಆಚೆ ಸ್ಪೀಕರ್ ಹಾಕುತ್ತಾರೆ. ದೋಣಿ ತಗೊಂಡ ಮೇಲೆ ನೀವು ಲಿಥಿಯಂ ಬ್ಯಾಟರಿ, ಇನ್ವರ್ಟರ್ ಏನಾದರೂ ಹಾಕಿಸಿದ್ದೀರಾ? 100 ಆಂಪ್ ಹರಿಯುವ ಒಂಟಿ ತಂತಿ 30 ಸೆಂಟಿಮೀಟರ್ ದೂರದಲ್ಲಿ ಹುಟ್ಟಿಸುವ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಜೋರು. ಪಾಸಿಟಿವ್, ನೆಗೆಟಿವ್ ಎರಡನ್ನೂ ಜೊತೆಯಲ್ಲೇ ಒಯ್ದರೆ ಒಂದರದ್ದನ್ನು ಇನ್ನೊಂದು ಅಳಿಸುತ್ತದೆ. ಬೇರೆ ಬೇರೆ ದಾರಿಯಲ್ಲಿ ಹೋದರೆ ಕಂಪಾಸಿಗೆ ತಲೆ ತಿರುಗುತ್ತದೆ. ದೋಣಿ ಕಟ್ಟಿದ್ದಾಗ ಒಂದೊಂದೇ ಉಪಕರಣ ಆನ್ ಮಾಡಿ ಪರದೆಯ ಮೇಲಿನ ದಿಕ್ಕು ಬದಲಾಗುತ್ತದಾ ನೋಡಿ. ಕಟ್ಟಿದ ದೋಣಿ ತಿರುಗುವುದಿಲ್ಲವಲ್ಲ, ಅಂಕಿಯೂ ತಿರುಗಬಾರದು.

ಇಷ್ಟೆಲ್ಲ ಸರಿ ಇದ್ದರೂ ಹಿಂದಿನ ಅಲೆಯಲ್ಲಿ ನಿಮ್ಮ ಹಳೆಯ ಪೈಲಟ್ ಸ್ವಲ್ಪ ತೂರಾಡುತ್ತದೆ. ಅದು ಕೆಟ್ಟಿರುವುದರಿಂದಲ್ಲ, ಹುಟ್ಟುಗುಣ. ನೀವು ಚಕ್ರ ಹಿಡಿದಾಗ ದೋಣಿಯ ಹಿಂಭಾಗ ಎದ್ದದ್ದು ಕಾಲಿಗೆ ತಿಳಿಯುತ್ತದೆ, ಮೂತಿ ತಿರುಗುವ ಮೊದಲೇ ಕೈ ಚಕ್ರ ತಿರುಗಿಸಿರುತ್ತದೆ. ಗೈರೊ (ತಿರುಗುವ ವೇಗ ಅಳೆಯುವ ಸೆನ್ಸರ್) ಇಲ್ಲದ ಫ್ಲಕ್ಸ್‌ಗೇಟ್‌ಗೆ ಮೂತಿ ತಿರುಗಿದ ಮೇಲೆಯೇ ಗೊತ್ತಾಗುವುದು, ಅದೂ ತೂಗಾಡುತ್ತಾ ತಡವಾಗಿ. ಅದು ಸರಿಪಡಿಸುವ ಹೊತ್ತಿಗೆ ಮುಂದಿನ ಅಲೆ ಬಂದಿರುತ್ತದೆ. 90ರ ದಶಕದ ಹೆಚ್ಚಿನ ಪೈಲಟ್‌ಗಳು ಹೀಗೇ.

ಇಲ್ಲೇ ಜಿಪಿಎಸ್ ಮಾತು ಮುಗಿಸಿಬಿಡುತ್ತೇನೆ. ಹೊಸ ಪೈಲಟ್‌ಗಳು ಚೆನ್ನಾಗಿ ನಡೆಸುವುದು ಜಿಪಿಎಸ್‌ನಿಂದ ಅಲ್ಲ. ಜಿಪಿಎಸ್ ನೀವು ಎಲ್ಲಿದ್ದೀರಿ, ಯಾವ ಕಡೆ ಸಾಗುತ್ತಿದ್ದೀರಿ ಅಂತ ಹೇಳುತ್ತದೆ. ದೋಣಿಯ ಮೂತಿ ಈ ಕ್ಷಣ ಎತ್ತ ತಿರುಗುತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. 2013ರಲ್ಲಿ ಬಂದ ರೇಮರೀನ್ ಕಂಪನಿಯ ಎವಲ್ಯೂಷನ್ ಪೈಲಟ್ ಆಗಲಿ, ಗಾರ್ಮಿನ್, ಬಿ ಅಂಡ್ ಜಿ ಕಂಪನಿಗಳದ್ದಾಗಲಿ, ಅವುಗಳ ಬಲ ಇರುವುದು ಸೆನ್ಸರ್‌ನಲ್ಲಿ. ಕಾಂತ, ತಿರುಗುವಿಕೆ, ವೇಗದ ಬದಲಾವಣೆ ಮೂರನ್ನೂ ಮೂರು ದಿಕ್ಕಿನಲ್ಲಿ ಅಳೆಯುವ ಒಂಬತ್ತು ಅಕ್ಷದ ಸೆನ್ಸರ್ ಅದು. ನಿಮ್ಮ ಫೋನಿನಲ್ಲಿರುವುದರ ಅಣ್ಣ ಅನ್ನಿ. ಮೂತಿ ತಿರುಗಲು ಹೊರಟಾಗಲೇ ಅದಕ್ಕೆ ತಿಳಿಯುತ್ತದೆ. ಆ ವ್ಯತ್ಯಾಸ ನಿಜವಾದದ್ದು, ಹಿಂದಿನ ಅಲೆಯಲ್ಲಿ ಕಣ್ಣಿಗೆ ಕಾಣುವಷ್ಟು. ಹಾಗಂತ ಮುಂದಿನ ಅಲೆ ಅದಕ್ಕೂ ಕಾಣುವುದಿಲ್ಲ. ಮೇನ್ ಹಾಯಿ ಪೂರ್ತಿ ಬಿಟ್ಟು ದೋಣಿ ಗಾಳಿಯ ಕಡೆಗೇ ತಿರುಗಲು ಒದ್ದಾಡುತ್ತಿದ್ದರೆ ಯಾವ ಸೆನ್ಸರೂ ಕಾಪಾಡುವುದಿಲ್ಲ. ಪೈಲಟ್ ಹಾಕುವ ಮುಂಚೆ ಹತ್ತು ನಿಮಿಷ ಕೈಯಲ್ಲಿ ನಡೆಸಿ ನೋಡಿ. ಚಕ್ರ ಭಾರವಾಗಿದ್ದರೆ ಮೊದಲು ಮೇನ್ ಹಾಯಿಗೆ ರೀಫ್ ಹಾಕಿ, ಅಂದರೆ ಅದನ್ನು ಸ್ವಲ್ಪ ಮಡಚಿ ಚಿಕ್ಕದು ಮಾಡಿ.

ಇನ್ನೊಂದು ವಿಚಿತ್ರ ಇದೆ, ವಾಪಸ್ ಬರುವಾಗ ನಿಮಗೆ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಭೂಮಿಯ ಕಾಂತರೇಖೆಗಳು ಸುಮಾರು 60 ಡಿಗ್ರಿ ಇಳಿಜಾರಾಗಿ ನೆಲಕ್ಕೆ ಹೊಕ್ಕುತ್ತವೆ. ಇದರಿಂದ ಉತ್ತರಕ್ಕೆ ಹೋಗುವಾಗ ಹಳೆಯ ಫ್ಲಕ್ಸ್‌ಗೇಟ್ ಪೈಲಟ್ ಸಣ್ಣ ತಿರುವಿಗೂ ಗಾಬರಿಬಿದ್ದು ಜಾಸ್ತಿ ಚುಕ್ಕಾಣಿ ಹಾಕುತ್ತದೆ. ದಕ್ಷಿಣಕ್ಕೆ ಹೋಗುವಾಗ ಈ ಕಾಟ ಇರುವುದಿಲ್ಲ. ನೀವು ಹಾಫ್ ಮೂನ್ ಬೇಗೆ ದಕ್ಷಿಣಕ್ಕೇ ಹೋದದ್ದು, ಹಾಗಾಗಿ ಅವತ್ತಿನ ತೂರಾಟಕ್ಕೆ ಇದು ಕಾರಣ ಅಲ್ಲ. ಕಾಬೊ ಇರುವ ಮೆಕ್ಸಿಕೊದ ಬಾಹಾ ತೀರದಿಂದ ಉತ್ತರಕ್ಕೆ, ಎದುರು ಅಲೆಯಲ್ಲಿ ಇಂಜಿನ್ ಹಾಕಿಕೊಂಡು ಬರುವಾಗ ಮಾತ್ರ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಸೆಟ್ಟಿಂಗ್ ಒಂದನ್ನು ಬಿಟ್ಟಿದ್ದೆ. ರಡರ್ ಗೇನ್, ಅಂದರೆ ದಿಕ್ಕು ತಪ್ಪಿದಾಗ ಪೈಲಟ್ ಎಷ್ಟು ಚುಕ್ಕಾಣಿ ಹಾಕಬೇಕು ಅನ್ನುವ ಅಳತೆ. ಶಾಂತ ನೀರಿನಲ್ಲಿ, ಮಾಮೂಲಿ ವೇಗದಲ್ಲಿ 40 ಡಿಗ್ರಿ ತಿರುಗಲು ಹೇಳಿ. ಚುರುಕಾಗಿ ತಿರುಗಿ, 5 ಡಿಗ್ರಿಗಿಂತ ಜಾಸ್ತಿ ದಾಟಿ ಹೋಗದೆ ನಿಲ್ಲಬೇಕು. ದಾಟಿ ಹೋಗಿ ವಾಪಸ್ ಬಂದರೆ ಗೇನ್ ಇಳಿಸಿ, ಸೋಮಾರಿಯಾಗಿದ್ದರೆ ಏರಿಸಿ. ಪುಕ್ಕಟೆ ಕೆಲಸ ಇದು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ.

ಬರೀ ರಿಪೇರಿ ಮಾಡಿದರೆ, ಅಂದರೆ ತಂತಿ ಬದಲಿಸಿ, ಸಡಿಲ ಬಿಗಿ ಮಾಡಿ, ಡ್ರೈವ್ ಬಿಚ್ಚಿ ಸರ್ವಿಸ್ ಮಾಡಿಸಿದರೆ ಕೆಲವು ನೂರು ಡಾಲರಿನಲ್ಲಿ ಮುಗಿಯುತ್ತದೆ. ನೀವು ಬೇ, ಡ್ರೇಕ್ಸ್ ಬೇ, ಮಾಂಟೆರೆ ಇಷ್ಟರಲ್ಲೇ ಓಡಾಡುವವರಾಗಿದ್ದರೆ ಇದೇ ಸಾಕು ಅನ್ನುತ್ತಿದ್ದೆ, ಒಂದು ಪೈಸೆ ಜಾಸ್ತಿ ಹಾಕಬೇಡಿ ಅನ್ನುತ್ತಿದ್ದೆ. ಮೆಕ್ಸಿಕೊಗೆ ಹಾಗನ್ನಲಾರೆ. ಹಳೆಯ ಕಂಪ್ಯೂಟರ್ ಬೋರ್ಡಿನ ಕೆಪಾಸಿಟರ್‌ಗಳು ಒಣಗಿರುತ್ತವೆ, ಬೆಸುಗೆ ಬಿರುಕು ಬಿಟ್ಟಿರುತ್ತದೆ, ಮೋಟರಿಗೆ ಕರೆಂಟ್ ಕೊಡುವ ಟ್ರಾನ್ಸಿಸ್ಟರ್‌ಗಳು ಒಂದು ದಿನ ಹೇಳದೆ ಕೇಳದೆ ಸುಟ್ಟು ಹೋಗುತ್ತವೆ. ಇದಕ್ಕೆ ಮುನ್ಸೂಚನೆ ಇಲ್ಲ. ಪಕ್ಕದ ದೋಣಿಯವರು ಹೇಳಿದ 300 ಡಾಲರಿನ ಕಂಪ್ಯೂಟರೂ ಅದೇ ವಯಸ್ಸಿನದು. ಅದು ಯಾರ ದೋಣಿಯಲ್ಲಿತ್ತು, ಒಳಗೆ ನೀರು ಹೋಗಿತ್ತಾ, ಮಾರಿದವರಿಗೂ ಗೊತ್ತಿರುವುದಿಲ್ಲ.

ಎಲ್ಲ ಹೊಸದು ಹಾಕಿಸುವುದರಲ್ಲಿ ತಪ್ಪಿಲ್ಲ, ಆದರೆ ನಿಮಗೆ ಅದರ ಅಗತ್ಯ ನನಗೆ ಕಾಣುತ್ತಿಲ್ಲ. ಕೊಟೇಶನ್‌ನಲ್ಲಿ ಹೊಸ ಡ್ರೈವ್ ಸೇರಿದೆಯಾ, ಹೊಸ ಚಾರ್ಟ್‌ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ) ಸೇರಿದೆಯಾ, ಕೂಲಿ ಎಷ್ಟು, ಸಾಲು ಸಾಲಾಗಿ ಬರೆದು ಕೊಡಿ ಅಂತ ಕೇಳಿ. ನಿಮ್ಮ ದೋಣಿ ಖಾಲಿ ಇದ್ದಾಗ ಸುಮಾರು 6,100 ಕಿಲೋ. ನೀರು, ಡೀಸೆಲ್, ಸರಪಳಿ, ಎರಡು ತಿಂಗಳ ಅಡುಗೆ ಸಾಮಾನು ಹಾಕಿದರೆ 7,500 ಆಸುಪಾಸು ಬರಬಹುದು. ಟೈಪ್ 1 ಡ್ರೈವ್‌ಗೆ ಕಂಪನಿ ಹೇಳುವ ಮಿತಿ 11,000 ಕಿಲೋ. ಹಾಗಾದರೆ ನಿಮ್ಮ ಡ್ರೈವ್ ಅಳತೆಗೆ ಸರಿಯಾಗಿದೆ, ಕೈಯಲ್ಲಿ ಬಲವೂ ಉಳಿದಿದೆ. ಆಟೊಹೆಲ್ಮ್ ಅನ್ನುವ ಹೆಸರು ಹೋಗಿ ರೇಮರೀನ್ ಆಗಿದ್ದರೂ ಟೈಪ್ 1 ಡ್ರೈವ್‌ಗಳು ಈಗಲೂ ಮಾರಾಟದಲ್ಲಿವೆ. ಚಕ್ರದ ಮೇಲೆ ಕೂರಿಸುವ ಬೆಲ್ಟಿನ ಪೈಲಟ್ ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದರ ಮಿತಿಯೇ 7,500 ಕಿಲೋ, ತುಂಬಿದ ಕ್ಯಾಟಲೀನಾ 36ಕ್ಕೆ ಅದು ಅಂಚಿನ ಮೇಲೆ ನಿಂತ ಹಾಗೆ.

ಹಾಗಾಗಿ ನಾನು ಮಾಡುವುದು ಇದು. ಡ್ರೈವ್ ಹಳೆಯದೇ ಇರಲಿ. ಅದನ್ನು ಬಿಚ್ಚಿ ಬೆಲ್ಟ್, ಮೋಟರ್ ಬ್ರಷ್, ಬೇರಿಂಗ್ ನೋಡಿಸಿ, ಕ್ಲಚ್ ಹಿಡಿತ ಪರೀಕ್ಷಿಸಿ ಮತ್ತೆ ಕೂರಿಸುತ್ತೇನೆ. ಕಂಪ್ಯೂಟರ್, ಕಂಪಾಸ್, ಕಂಟ್ರೋಲ್ ಹೆಡ್ ಮೂರನ್ನು ಮಾತ್ರ ಹೊಸದು ಹಾಕುತ್ತೇನೆ. ರೇಮರೀನ್‌ನದ್ದೇ ಆದರೆ ಟೈಪ್ 1ಕ್ಕೆ ಹೊಂದುವುದು ಇವಿ-200 ಪ್ಯಾಕ್, ಅದರಲ್ಲಿ ಡ್ರೈವ್‌ಗೆ ಕರೆಂಟ್ ಕೊಡುವ ಡಬ್ಬಿಯಾದ ಎಸಿಯು-200 ಸತತವಾಗಿ 15 ಆಂಪ್ ಕೊಡಬಲ್ಲದು. ಈ ಪ್ಯಾಕ್‌ನ ಬೆಲೆ ನಿಮಗೆ ಬಂದ ಕೊಟೇಶನ್‌ನ ಮೂರನೇ ಒಂದರ ಆಸುಪಾಸು. ಬೇರೆ ಕಂಪನಿಯ ಕಂಪ್ಯೂಟರೂ ಈ ಮೋಟರನ್ನು ಓಡಿಸಬಲ್ಲದು, ಆದರೆ ಕ್ಲಚ್‌ಗೆ ಬೇಕಾದ ವೋಲ್ಟ್, ಆಂಪ್ ಹೊಂದುತ್ತದಾ ಅಂತ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಚುಕ್ಕಾಣಿಯ ಸೆನ್ಸರ್ ಇಲ್ಲದೆಯೂ ಹೊಸವು ನಡೆಯುತ್ತವೆ ಅನ್ನುತ್ತಾರೆ. ನಡೆಯುತ್ತವೆ, ಆದರೆ ಅದು ಇದ್ದರೇ ಚೆನ್ನ, ಉಳಿಸಿಕೊಳ್ಳಿ.

ಇದರಲ್ಲೂ ತೊಡಕುಗಳಿವೆ. ನಿಮ್ಮ ಗಾಳಿಯ ಮೀಟರು, ಆಳದ ಮೀಟರು ಸೀಟಾಕ್ ಅನ್ನುವ ಹಳೆಯ ಉಪಕರಣ ಜಾಲದ ಭಾಷೆಯಲ್ಲಿ ಮಾತಾಡುತ್ತವೆ, ಹೊಸ ಪೈಲಟ್ ಸೀಟಾಕ್ ಎನ್‌ಜಿಯಲ್ಲಿ. ನಡುವೆ ಒಂದು ಕನ್ವರ್ಟರ್ ಬೇಕು. ಅದು ಹಾಕಿದ ಮೇಲೆ ಗಾಳಿಯ ಮಾಹಿತಿ ಪೈಲಟ್‌ಗೆ ಸರಿಯಾಗಿ ಬರುತ್ತಿದೆಯಾ ನೋಡಿ. ಗಾಳಿಯ ಕೋನ ಹಿಡಿದು ಸಾಗುವ ಸೌಲಭ್ಯ ಅದರ ಮೇಲೆಯೇ ನಿಂತಿದೆ. ಹೊಸ ಸೆನ್ಸರಿಗೂ ಕಾಂತದ ಕಾಟ ತಪ್ಪಿಲ್ಲ, ಟೂಲ್ ಬಾಕ್ಸ್ ಅದರ ಪಕ್ಕಕ್ಕೂ ಬೇಡ. ಅರ್ಧ ಹಳೆಯದು ಅರ್ಧ ಹೊಸದು ಇದ್ದಾಗ ತೊಂದರೆ ಬಂದರೆ ಇದು ನಮ್ಮದಲ್ಲ ಅಂತ ಎರಡು ಕಡೆಯವರೂ ಕೈ ತೋರಿಸುವುದೂ ಉಂಟು. ಕಿತ್ತ ಹಳೆಯ ಕಂಪ್ಯೂಟರನ್ನು ಮಾರಬೇಡಿ. ತಂತಿಗಳಿಗೆ ಹೆಸರಿನ ಚೀಟಿ ಅಂಟಿಸಿ, ಕಂಪಾಸಿನ ಜೊತೆ ಡಬ್ಬಿಯಲ್ಲಿಟ್ಟು ದೋಣಿಯಲ್ಲೇ ಇಡಿ. ಹೊಸದು ಕೆಟ್ಟರೆ ಬಾಹಿಯಾ ತೋರ್ತುಗಾಸ್‌ನಲ್ಲಿ ನಿಂತು ಹಳೆಯದನ್ನು ವಾಪಸ್ ಜೋಡಿಸಬಹುದು. ಅದು ಮೀನುಗಾರರ ಚಿಕ್ಕ ಊರು, ಆಟೊಪೈಲಟ್ ಅಂಗಡಿ ಸಿಗುವ ಜಾಗ ಅಲ್ಲ.

ನಾಲ್ಕನೆಯ ದಾರಿ ವಿಂಡ್‌ವೇನ್, ಅಂದರೆ ಗಾಳಿಯ ಬಲದಿಂದಲೇ ಚುಕ್ಕಾಣಿ ನಡೆಸುವ ಯಂತ್ರ. ಕರೆಂಟೇ ಬೇಡ. ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎಲೆಕ್ಟ್ರಾನಿಕ್ ಪೈಲಟ್‌ಗೆ ಅವಕಾಶವೇ ಇಲ್ಲ. ಭಾರತೀಯ ನೌಕಾಪಡೆಯಲ್ಲಿದ್ದ ನಮ್ಮ ಅಭಿಲಾಷ್ ಟಾಮಿ ಅವರು 2023ರಲ್ಲಿ ಅದರಲ್ಲಿ ಎರಡನೆಯವರಾಗಿ ಬಂದದ್ದು ವಿಂಡ್‌ವೇನ್ ನಂಬಿಕೊಂಡೇ. ನನಗೂ ಅದರ ಮೇಲೆ ಪ್ರೀತಿ ಜಾಸ್ತಿ. ಆದರೂ ನಿಮಗೆ ಈ ಸಲಕ್ಕೆ ಬೇಡ ಅನ್ನುತ್ತೇನೆ. ಬಾಹಾ ತೀರದಲ್ಲಿ ಗಾಳಿ ಹಿಂದಿನಿಂದ ಬರುತ್ತದೆ, ಎಷ್ಟೋ ಸಲ ತೆಳುವಾಗಿರುತ್ತದೆ. ಹಿಂಗಾಳಿಯಲ್ಲಿ ಸಾಗುವಾಗ ದೋಣಿಗೆ ತಾಗುವ ಗಾಳಿ ಇನ್ನೂ ಕಡಿಮೆ, ವಿಂಡ್‌ವೇನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಗಾಳಿ ಸತ್ತರೆ ಇಂಜಿನ್ ಹಾಕುತ್ತೀರಿ, ಆಗಂತೂ ಅದು ಅಲಂಕಾರಕ್ಕೆ ಮಾತ್ರ. ಮುಂದೆ ಪೆಸಿಫಿಕ್ ದಾಟುವ ಆಸೆ ಬಂದರೆ ಆಗ ಮಾತಾಡೋಣ. ಟಿಲ್ಲರ್ ಪೈಲಟ್ ಒಂದನ್ನು ತುರ್ತು ಟಿಲ್ಲರಿಗೆ (ಚಕ್ರ ಕೆಟ್ಟಾಗ ಚುಕ್ಕಾಣಿ ತಿರುಗಿಸುವ ಹಿಡಿಕೋಲಿಗೆ) ಕಟ್ಟಿಕೊಳ್ಳಿ ಅಂತಲೂ ಯಾರಾದರೂ ಹೇಳಿಯಾರು. ಆ ಜಾತಿಯ ರೇಮರೀನ್ ಎಸ್‌ಟಿ2000ದ ಮಿತಿಯೇ 4,500 ಕಿಲೋ, ನಿಮ್ಮ ದೋಣಿಗೆ ಅದು ಆಟಿಕೆ. ಸಾಫ್ಟ್‌ವೇರ್ ಗೊತ್ತಿರುವವರಿಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಪೈಪೈಲಟ್ ಅನ್ನುವ ಓಪನ್ ಸೋರ್ಸ್ ದಾರಿಯೂ ಇದೆ. ಚಳಿಗಾಲದ ಹವ್ಯಾಸಕ್ಕೆ ಬಹಳ ಚೆನ್ನಾಗಿದೆ. ಹೆಂಡತಿಯನ್ನು ಕರೆದುಕೊಂಡು ಹೋಗುವ ಮೊದಲ ದೂರ ಪ್ರಯಾಣಕ್ಕೆ ಅದನ್ನೊಂದನ್ನೇ ನಂಬಬೇಡಿ.

ಬ್ಯಾಟರಿ ಲೆಕ್ಕವನ್ನೂ ಈಗಲೇ ಮಾಡಿ. ಸರಾಸರಿ 3 ಆಂಪ್ ಹಿಡಿದರೂ ಪೈಲಟ್ ಒಂದಕ್ಕೇ ದಿನಕ್ಕೆ 72 ಆಂಪ್ ಅವರ್. 200 ಆಂಪ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ನೆಮ್ಮದಿಯಾಗಿ ಬಳಸಬಹುದಾದದ್ದು ಅರ್ಧ. ಫ್ರಿಜ್ಜು, ದೀಪ, ರಾಡಾರ್ ಸೇರಿದರೆ ದಿನ ಮುಗಿಯುವ ಮೊದಲೇ ಅದು ಮುಗಿಯುತ್ತದೆ. ಸೋಲಾರ್ ಎಷ್ಟಿದೆ ನೀವು ಬರೆದಿಲ್ಲ.

ಕೆಲಸ ಆಗಸ್ಟ್ ಒಳಗೆ ಮುಗಿಯಲಿ. ಹೊಸದಾಗಿ ಜೋಡಿಸಿದ ಯಾವ ವ್ಯವಸ್ಥೆಯಾದರೂ ಮೊದಲ ಕೆಲವು ಓಟಗಳಲ್ಲಿ ತನ್ನ ಕೊರತೆ ತೋರಿಸುತ್ತದೆ, ಅದು ಗೋಲ್ಡನ್ ಗೇಟ್ ಹತ್ತಿರವೇ ಆಗಿಬಿಡಲಿ. ಕಂಪಾಸ್ ಕ್ಯಾಲಿಬ್ರೇಶನ್ ಮಾಡಿ ಮತ್ತೆ ಹಾಫ್ ಮೂನ್ ಬೇಗೇ ಹೋಗಿ. ವಾಯವ್ಯದ ಅಲೆ ಹಿಂದಿನಿಂದ, ಸ್ವಲ್ಪ ಪಕ್ಕದಿಂದ ಬರುವ ಆ ದಾರಿ ಬಾಹಾದ ದಾರಿಯ ಹಾಗೇ ಇದೆ. ಒಂದು ರಾತ್ರಿ ಮಾಂಟೆರೆವರೆಗೆ ನಡೆಸಿ ನೋಡಿ. ದಾರಿಯಲ್ಲಿ ಬೇಕಂತಲೇ ಪೈಲಟ್ ಆಫ್ ಮಾಡಿ ತುರ್ತು ಟಿಲ್ಲರ್ ಜೋಡಿಸಿ, ಅದು ಸರಿಯಾಗಿ ಕೂರುತ್ತದಾ, ನಿಮ್ಮವರಿಗೂ ಅದನ್ನು ಕೂರಿಸಲು ಬರುತ್ತದಾ ನೋಡಿ. ಪೈಲಟ್ ನಡೆಸುವಾಗ ಕಾಕ್‌ಪಿಟ್ ಬಿಟ್ಟು ಏಳುವವರು ದೋಣಿಗೆ ಬಿಗಿದಿಡುವ ಹಾರ್ನೆಸ್ ಪಟ್ಟಿ ಕಟ್ಟಿಕೊಂಡೇ ಏಳಬೇಕು. ನೀರಿಗೆ ಬಿದ್ದರೆ ದೋಣಿ ನಿಲ್ಲುವುದಿಲ್ಲ, ಅದು ಹೇಳಿದ ದಿಕ್ಕಿಗೆ ಚೆನ್ನಾಗಿ ಹೋಗುತ್ತಲೇ ಇರುತ್ತದೆ. ಕಾವಲು ಕೂರುವ ಕೆಲಸವೂ ಪೈಲಟ್‌ನದ್ದಲ್ಲ. ಎಲ್ಲ ಹೊತ್ತಿನಲ್ಲೂ ಸುತ್ತ ಕಣ್ಣಿಟ್ಟಿರಬೇಕು ಅನ್ನುವುದು ಸಮುದ್ರದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು.

ಇನ್‌ಸ್ಟಾಲರ್‌ಗೆ ಹಣ ಕೊಡುವ ಮೊದಲು ನಾಲ್ಕು ವಿಷಯ ನನಗೆ ಬರೆದು ಕಳಿಸಿ: ಹೊರೆ ಇದ್ದಾಗ ಕಂಪ್ಯೂಟರ್ ಹತ್ತಿರದ ವೋಲ್ಟ್, ಅದೇ ಹೊತ್ತಲ್ಲಿ ಬ್ಯಾಟರಿಯ ವೋಲ್ಟ್, ತಂತಿಯ ಮೇಲೆ ಅಚ್ಚಾಗಿರುವ ಗೇಜ್, ಮತ್ತು ಡ್ರೈವಿನ ಬ್ರಾಕೆಟ್ ಅಲುಗುತ್ತದಾ ಇಲ್ಲವಾ. ಡ್ರೈವ್ ಮೇಲಿನ ಚೀಟಿಯ ಫೋಟೊ ಇದ್ದರೆ ಅದನ್ನೂ ಸೇರಿಸಿ, ಯಾವ ಬೆಲ್ಟು, ಬ್ರಷ್ಷು ತರಿಸಬೇಕು ಅಂತ ಹೇಳುತ್ತೇನೆ.